ಡೈನಮೋ ಬಿಚ್ಚುವ ಮುನ್ನ

ಬ್ಯಾಟರಿ ಹೊಸದು. ನಿನ್ನೆ ಸಂಜೆಯವರೆಗೂ ಗಾಡಿ ಚೆನ್ನಾಗಿಯೇ ಓಡಿತ್ತು. ಬೆಳಿಗ್ಗೆ ಸೆಲ್ಫ್ ಒತ್ತಿದರೆ ‘ಟಕ್’ ಅಂದು ಸುಮ್ಮನಾಗುತ್ತದೆ. ಹಳೆಯ ಮಿಲಿಟರಿ ಜೀಪು, ಟ್ರಕ್ಕು ಇಟ್ಟುಕೊಂಡವರಲ್ಲಿ ಇಂಥ ಬೆಳಗನ್ನು ಕಾಣದವರು ಕಡಿಮೆ. ನಾಲ್ಕು ಜನ ಸೇರಿ ತಳ್ಳಿ, ಹೇಗೋ ಸ್ಟಾರ್ಟ್ ಮಾಡಿ ಗ್ಯಾರೇಜಿಗೆ ಒಯ್ದರೆ ಬಾನೆಟ್ ಎತ್ತುವ ಮೊದಲೇ ತೀರ್ಪು ಬಂದಿರುತ್ತದೆ: “ಡೈನಮೋ ಹೋಗಿದೆ ಸಾರ್.” ಡೈನಮೋ ವೈಂಡಿಂಗ್ ಅಂಗಡಿಗೆ ಹೋಗುತ್ತದೆ, ಹೊಸ ತಂತಿ ಸುತ್ತಿಸಿಕೊಂಡು ಬರುತ್ತದೆ, ಗಾಡಿ ಹತ್ತು ದಿನ ಓಡುತ್ತದೆ. ಹನ್ನೊಂದನೆಯ ದಿನ ಮತ್ತೆ ಅದೇ ‘ಟಕ್’.

ಈ ಓಡಾಟದಲ್ಲಿ ಹಾಳಾಗುವುದು ಹಣವೊಂದೇ ಅಲ್ಲ. ಯುದ್ಧ ಕಂಡು ಬಂದ, ಇಂದಿಗೂ ಕೆಲಸ ಮಾಡಬಲ್ಲ ಮೂಲ ಭಾಗಗಳು ಒಂದೊಂದಾಗಿ ಗುಜರಿ ಸೇರುತ್ತವೆ. ಅವುಗಳ ಜಾಗಕ್ಕೆ ಸಿಕ್ಕಿದ್ದೇನೋ ಬಂದು ಕೂರುತ್ತದೆ. ಡೈನಮೋ ಸಾಯುವುದೇ ಇಲ್ಲವೆಂದಲ್ಲ, ಅದೂ ಸಾಯುತ್ತದೆ. ಆದರೆ ಚಾರ್ಜ್ ಆಗದ ಗಾಡಿಗಳಲ್ಲಿ ಹೆಚ್ಚಿನವುಗಳ ದೋಷ ಇರುವುದು ಸಡಿಲ ಬೆಲ್ಟಿನಲ್ಲಿ, ತುಕ್ಕು ಹಿಡಿದ ಲಗ್ಗಿನಲ್ಲಿ, ಬಣ್ಣದ ಕೆಳಗೆ ಮುಚ್ಚಿಹೋದ ಅರ್ತಿಂಗಿನಲ್ಲಿ. ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು. ‘ಹಳೆಯ ಮಿಲಿಟರಿ ಗಾಡಿ’ ಎಂಬ ಒಂದೇ ಹೆಸರಿನ ಅಡಿಯಲ್ಲಿ ಕನಿಷ್ಠ ಮೂರು ಬೇರೆ ಬೇರೆ ವಿದ್ಯುತ್ ವ್ಯವಸ್ಥೆಗಳಿವೆ. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ.

ಮೊದಲನೆಯ ತಲೆಮಾರಿನ ಪ್ರತಿನಿಧಿ ವಿಲ್ಲೀಸ್ ಎಂಬಿ ಮತ್ತು ಅದರ ಅವಳಿ ಫೋರ್ಡ್ ಜಿಪಿಡಬ್ಲ್ಯು. 1941ರಿಂದ 1945ರವರೆಗೆ ಎರಡು ಕಂಪನಿಗಳೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಹೊರತಂದವು. ಅವುಗಳಲ್ಲಿದ್ದುದು 6 ವೋಲ್ಟಿನ ಒಂದು ಬ್ಯಾಟರಿ, 40 ಆಂಪಿಯರಿನ ಡೈನಮೋ, ಜೊತೆಗೊಂದು ರೆಗ್ಯುಲೇಟರ್ ಡಬ್ಬಿ. ಸ್ಟಾರ್ಟರ್ ಸ್ವಿಚ್ಚು ನೆಲದ ಮೇಲೆ, ಕಾಲಿನಿಂದ ಒತ್ತುವಂಥದ್ದು. ಡ್ಯಾಶ್‌ಬೋರ್ಡಿನಲ್ಲಿ ಒಂದು ಆಮ್ಮೀಟರ್. ಇಷ್ಟೇ. ಇಡೀ ವೈರಿಂಗನ್ನು ಒಂದು ಹಾಳೆಯ ಮೇಲೆ ಬರೆಯಬಹುದಾದ ಸರಳತೆ.

ಯುದ್ಧ ಮುಗಿದ ಮೇಲೆ ಅಮೆರಿಕದ ಸೇನೆ 24 ವೋಲ್ಟಿಗೆ ಹೊರಳಿತು. 1950ರಲ್ಲಿ ಬಂದ ಎಂ38 ಜೀಪಿನಲ್ಲಿ 12 ವೋಲ್ಟಿನ ಎರಡು ಬ್ಯಾಟರಿಗಳು ಸರಣಿಯಲ್ಲಿದ್ದವು. ಡೈನಮೋ 25 ಆಂಪಿಯರಿನದು, ನೀರು ಒಳಹೋಗದಂತೆ ಮುಚ್ಚಿದ್ದು. 40 ಆಂಪಿಯರ್ ಎಲ್ಲಿ, 25 ಎಲ್ಲಿ, ಇದು ಇಳಿಕೆಯಲ್ಲವೇ ಎಂದು ಯಾರಿಗಾದರೂ ಅನ್ನಿಸಬಹುದು. ಲೆಕ್ಕ ಹಾಕಿದರೆ ತಿಳಿಯುತ್ತದೆ: ಹಳೆಯದು ಕೊಡುತ್ತಿದ್ದುದು ಹೆಚ್ಚೆಂದರೆ 300 ವ್ಯಾಟ್, ಹೊಸದು 28 ವೋಲ್ಟಿನಲ್ಲಿ 700 ವ್ಯಾಟ್. ವೈರ್‌ಲೆಸ್ ಸೆಟ್ಟುಗಳ ಹಸಿವಿಗೆ ಅದು ಬೇಕಿತ್ತು. ಜೀಪಿನಿಂದ ದೊಡ್ಡ ಟ್ರಕ್ಕಿನವರೆಗೆ ಒಂದೇ ವೋಲ್ಟೇಜು ಇದ್ದರೆ ಬಿಡಿಭಾಗ ಅದಲುಬದಲು ಮಾಡಬಹುದು, ಒಂದು ಗಾಡಿಯ ಬ್ಯಾಟರಿಯಿಂದ ಇನ್ನೊಂದನ್ನು ಎಬ್ಬಿಸಬಹುದು ಎಂಬುದೂ ಮುಖ್ಯವಾಗಿತ್ತು. ಮುಂದೆ ನೇಟೊ ದೇಶಗಳೆಲ್ಲ ಅದಕ್ಕೆಂದೇ ಒಂದೇ ಬಗೆಯ ಸ್ಲೇವ್ ಸಾಕೆಟ್ ಒಪ್ಪಿಕೊಂಡವು.

ಮೂರನೆಯ ತಲೆಮಾರು ಆಲ್ಟರ್ನೇಟರಿನದು. ಎಂ151 ಜೀಪು 25 ಆಂಪಿಯರ್ ಡೈನಮೋದೊಂದಿಗೆ ಹುಟ್ಟಿ, ನಂತರದ ರೂಪದಲ್ಲಿ 60 ಆಂಪಿಯರ್ ಆಲ್ಟರ್ನೇಟರ್ ಪಡೆಯಿತು. ಕೊನೆಗೆ 1980ರ ದಶಕದ ನಡುವೆ ಷೆವರ್ಲೆ ಕಂಪನಿ ತನ್ನ ಮಾರುಕಟ್ಟೆಯ ಪಿಕಪ್ಪಿಗೇ ಸೇನೆಯ ಬಣ್ಣ ಬಳಿದು ಕೊಟ್ಟ ಎಂ1008 ಬಂತು. ಅದರ ವೈರಿಂಗ್ ಒಂದು ವಿಚಿತ್ರ. ಅದರ ಮಾತು ಮುಂದೆ ಬರುತ್ತದೆ.

ಭಾರತಕ್ಕೆ ಈ ಕಥೆ ದೂರದ್ದಲ್ಲ. ಬರ್ಮಾ ರಂಗದ ಯುದ್ಧ ಮುಗಿದಾಗ ಉಳಿದ ಜೀಪುಗಳು ಇಲ್ಲಿಯೇ ಹರಾಜಾಗಿ ‘ಡಿಸ್ಪೋಸಲ್ ಗಾಡಿ’ ಎಂಬ ಹೆಸರು ಪಡೆದವು. ಮಹೀಂದ್ರಾ ಕಂಪನಿ ವಿಲ್ಲೀಸ್ ವಿನ್ಯಾಸವನ್ನೇ ಇಲ್ಲಿ ಜೋಡಿಸಿ, ಆಮೇಲೆ ತಯಾರಿಸಿತು. ನಿಸಾನ್ ಪ್ಯಾಟ್ರೋಲ್ ಗಾಡಿಯ ಮಾದರಿಯಲ್ಲಿ ಜಬಲ್‌ಪುರದಲ್ಲಿ ತಯಾರಾದ ಜೋಂಗಾ 1969ರಿಂದ ಸುಮಾರು ಮೂರು ದಶಕ ಸೇನೆಗೆ ದುಡಿಯಿತು. ಸೇವೆಯಿಂದ ಇಳಿದ ಇಂಥ ಗಾಡಿಗಳು ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನ ಕಾಫಿ ತೋಟಗಳ ಶೆಡ್ಡುಗಳಿಗೆ ಬಂದು ಸೇರಿದವು. ಮಲೆನಾಡಿನ ಮಳೆಯಲ್ಲಿ ನಾಲ್ಕು ತಿಂಗಳು ನಿಂತ ಜೀಪಿನ ವೈರಿಂಗ್ ಏನಾಗುತ್ತದೆಂದು ಅಲ್ಲಿನವರಿಗೆ ಹೇಳಿಕೊಡಬೇಕಾಗಿಲ್ಲ.

ಹುಡುಕಾಟ ಶುರುವಾಗಬೇಕಾದ್ದು ಬ್ಯಾಟರಿಯಿಂದ. ಬ್ಯಾಟರಿಯೇ ಸತ್ತಿದ್ದರೆ ಎಂಥ ಡೈನಮೋ ಇದ್ದೂ ಫಲವಿಲ್ಲ. ಸಲ್ಫೇಟ್ ಕಟ್ಟಿದ ಬ್ಯಾಟರಿ ಚಾರ್ಜನ್ನು ಹಿಡಿಯುವುದಿಲ್ಲ, ಹಿಡಿದಂತೆ ನಟಿಸುತ್ತದೆ ಅಷ್ಟೇ. ಗಾಡಿ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಮಲ್ಟಿಮೀಟರ್ ಹಿಡಿದರೆ 6 ವೋಲ್ಟಿನ ಬ್ಯಾಟರಿ 6.3ರ ಆಸುಪಾಸು, 12ರದ್ದು 12.6, ಎರಡು ಸೇರಿದ 24ರದ್ದು 25.2 ತೋರಿಸಬೇಕು. ಮುಚ್ಚಳ ತೆಗೆಯಲು ಬರುವ ಬ್ಯಾಟರಿಯಾದರೆ ಹೈಡ್ರೋಮೀಟರ್ ಇನ್ನೂ ನಂಬಿಕಸ್ಥ. ಎಲ್ಲ ಸೆಲ್ಲುಗಳೂ ಒಂದೇ ಮಟ್ಟದಲ್ಲಿದ್ದು ಕಡಿಮೆ ತೋರಿಸಿದರೆ ಬ್ಯಾಟರಿ ಬರಿದಾಗಿದೆ ಎಂದರ್ಥ. ಒಂದೇ ಸೆಲ್ಲು ಉಳಿದವುಗಳಿಗಿಂತ ತೀರ ಕೆಳಗಿದ್ದರೆ ಬ್ಯಾಟರಿಯೇ ಕೆಟ್ಟಿದೆ. ಈ ವ್ಯತ್ಯಾಸ ತಿಳಿಯದೆ ಡೈನಮೋ ಬಿಚ್ಚುವುದು ಜ್ವರ ನೋಡದೆ ಆಪರೇಷನ್ ಮಾಡಿದ ಹಾಗೆ.

ಮುಂದಿನದು ಬೆಲ್ಟು. ವಿಲ್ಲೀಸ್ ಎಂಬಿಯಲ್ಲಿ ಬೆಲ್ಟು ಸಡಿಲವಾಗುವುದಕ್ಕೆ ಒಂದು ಸ್ವಾರಸ್ಯಕರ ಕಾರಣವಿದೆ. ಹೊಳೆ ದಾಟುವಾಗ ಫ್ಯಾನು ತಿರುಗುತ್ತಿದ್ದರೆ ನೀರನ್ನು ಎತ್ತಿ ಎಂಜಿನ್ನಿನ ಮೇಲೆಲ್ಲ ಎರಚುತ್ತದೆ, ಸ್ಪಾರ್ಕ್ ಸತ್ತು ಗಾಡಿ ನೀರಿನ ನಡುವೆ ನಿಲ್ಲುತ್ತದೆ. ಅದನ್ನು ತಪ್ಪಿಸಲು ಡೈನಮೋವನ್ನು ಹಿಡಿದಿರುವ ಪಟ್ಟಿಗೇ ಒಂದು ಹಿಡಿಕೆ ಇಟ್ಟಿದ್ದಾರೆ. ಅದನ್ನು ಎಳೆದು ಡೈನಮೋವನ್ನು ಎಂಜಿನ್ ಕಡೆ ಒರಗಿಸಿದರೆ ಬೆಲ್ಟು ಸಡಿಲವಾಗುತ್ತದೆ, ಫ್ಯಾನು ನಿಲ್ಲುತ್ತದೆ. ಆಚೆ ದಡ ಸೇರಿದ ಮೇಲೆ ಮತ್ತೆ ಎಳೆದು ಕೂರಿಸಬೇಕು. ಎಂಬತ್ತು ವರ್ಷ ಸವೆದ ಆ ಪಟ್ಟಿ ಈಗ ತಾನಾಗಿಯೇ ಅರ್ಧ ಜಾರಿ ಕೂರುವುದುಂಟು. ಹೊರಗಿನಿಂದ ನೋಡಿದರೆ ಬೆಲ್ಟು ತಿರುಗುತ್ತಲೇ ಇರುತ್ತದೆ, ಆದರೆ ಡೈನಮೋದ ಮೇಲೆ ಭಾರ ಬಿದ್ದ ಕೂಡಲೇ ಜಾರುತ್ತದೆ. ಹೆಬ್ಬೆರಳಿನಿಂದ ನಡುವೆ ಒತ್ತಿದಾಗ ಸುಮಾರು ಒಂದು ಇಂಚಿನಷ್ಟು ಬಾಗಿದರೆ ಸರಿ, ಅದಕ್ಕಿಂತ ಹೆಚ್ಚಾದರೆ ರೋಗ ಅಲ್ಲಿಯೇ ಇದೆ. ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ ಇದು.

ಮೂರನೆಯದು ತಂತಿ ಮತ್ತು ಅರ್ತಿಂಗ್. ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಹಳೆಯ ಗಾಡಿಗಳ ಚಾರ್ಜಿಂಗ್ ತೊಂದರೆಯ ದೊಡ್ಡ ಪಾಲು ಇರುವುದು ಇಲ್ಲಿಯೇ.

6 ವೋಲ್ಟಿನ ವ್ಯವಸ್ಥೆಗೆ ತಪ್ಪನ್ನು ತಡೆದುಕೊಳ್ಳುವ ಶಕ್ತಿ ಇಲ್ಲವೇ ಇಲ್ಲ. ಒಂದು ಕೊಳೆಯಾದ ಜೋಡಣೆಯಲ್ಲಿ ಒಂದು ಓಮ್‌ನ ನೂರರಲ್ಲೊಂದು ಪಾಲು ತಡೆ ಇದೆ ಎಂದಿಟ್ಟುಕೊಳ್ಳಿ. ಸ್ಟಾರ್ಟರ್ 200 ಆಂಪಿಯರ್ ಎಳೆದಾಗ ಆ ಒಂದೇ ಜಾಗದಲ್ಲಿ 2 ವೋಲ್ಟ್ ಕರಗಿಹೋಗುತ್ತದೆ. ಅಂದರೆ ಇದ್ದುದರಲ್ಲಿ ಮೂರನೇ ಒಂದು ಭಾಗ. 24 ವೋಲ್ಟಿನ ಗಾಡಿ ಅಷ್ಟು ನಷ್ಟವನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಅದಕ್ಕೇ ಮೂಲ ಜೀಪಿನ ಬ್ಯಾಟರಿ ಕೇಬಲ್ಲು ಹೆಬ್ಬೆರಳಿನಷ್ಟು ದಪ್ಪ. ಇಂದು ಅಂಗಡಿಯಲ್ಲಿ ಸಿಗುವ 12 ವೋಲ್ಟ್ ಕಾರಿನ ಕೇಬಲ್ಲನ್ನು ಅದಕ್ಕೆ ಹಾಕಿದರೆ ಸೆಲ್ಫ್ ಮೊದಲ ದಿನದಿಂದಲೇ ನರಳುತ್ತದೆ, ಬಯ್ಗುಳ ಮಾತ್ರ ಡೈನಮೋಗೆ.

ಅರ್ತಿಂಗಿನ ಕಥೆ ಇದಕ್ಕಿಂತ ಸೂಕ್ಷ್ಮ. ಯುದ್ಧಕಾಲದ ಜೀಪುಗಳ ಬಾನೆಟ್ಟಿನ ಮೇಲೆ ಬರೆದ ನೋಂದಣಿ ಸಂಖ್ಯೆಯ ಕೊನೆಗೆ ಎಸ್ ಅಕ್ಷರ ಇರುವುದನ್ನು ಚಿತ್ರಗಳಲ್ಲಿ ನೋಡಬಹುದು. ಆ ಗಾಡಿಯ ವಿದ್ಯುತ್ ಗದ್ದಲ ರೇಡಿಯೋಗೆ ಕೇಳಿಸದಂತೆ ತಡೆದಿದ್ದಾರೆ ಎಂಬುದಕ್ಕೆ ಅದು ಗುರುತು. ಅದಕ್ಕಾಗಿ ಹೆಣೆದ ತಾಮ್ರದ ಪಟ್ಟಿಗಳಿಂದ ಎಂಜಿನ್ನು, ಚಾಸಿ, ಬಾನೆಟ್ಟುಗಳನ್ನೆಲ್ಲ ಒಂದಕ್ಕೊಂದು ಕಟ್ಟಿದ್ದರು, ಬೋಲ್ಟಿನ ಅಡಿಗೆ ಹಲ್ಲಿನ ವಾಷರ್ ಹಾಕಿದ್ದರು. ಗಾಡಿಯನ್ನು ಪುನರುಜ್ಜೀವನ ಮಾಡುವವರು ಮೊದಲು ಬಿಸಾಡುವುದು ಈ ಪಟ್ಟಿ, ಈ ವಾಷರುಗಳನ್ನೇ. ಆಮೇಲೆ ಚಾಸಿಯಿಂದ ಸಣ್ಣ ಬ್ರಾಕೆಟ್ಟಿನವರೆಗೆ ಎಲ್ಲಕ್ಕೂ ಹೊಸ ಪೇಂಟು ಹೊಡೆಯುತ್ತಾರೆ. ಪೇಂಟು ವಿದ್ಯುತ್ತನ್ನು ಬಿಡುವುದಿಲ್ಲ. ವಿಲ್ಲೀಸ್ ಜೀಪಿನಲ್ಲಿ ಡೈನಮೋದೊಳಗೆ ಕಾಂತಶಕ್ತಿ ಹುಟ್ಟಿಸುವ ಫೀಲ್ಡ್ ಕಾಯಿಲಿಗೆ ಅರ್ತ್ ಸಿಗುವುದು ರೆಗ್ಯುಲೇಟರ್ ಡಬ್ಬಿಯ ಮೂಲಕ. ಆ ಡಬ್ಬಿ ಹೊಸ ಪೇಂಟಿನ ಮೇಲೆ ಕೂತರೆ ಡೈನಮೋ ಎಷ್ಟು ತಿರುಗಿದರೂ ಕರೆಂಟು ಹುಟ್ಟುವುದಿಲ್ಲ. ಬಣ್ಣ ಬಳಿದ ಮೇಲೆ ಚಾರ್ಜ್ ಆಗುವುದು ನಿಂತಿತು ಎಂಬ ದೂರಿಗೆ ಬಹುಪಾಲು ಉತ್ತರ ಇಷ್ಟೇ: ನಾಲ್ಕು ಬೋಲ್ಟು ಬಿಚ್ಚಿ, ಅಡಿಯ ಬಣ್ಣವನ್ನು ಬಿಳಿ ಲೋಹ ಕಾಣುವವರೆಗೆ ಕೆರೆದು, ಮತ್ತೆ ಬಿಗಿಯಿರಿ.

ಕಣ್ಣಿಗೆ ಕಾಣದ ಇಂಥ ತಡೆಯನ್ನು ಹಿಡಿಯುವ ವಿಧಾನ ಒಂದಿದೆ. ತಂತಿಯ ಓಮ್ ಅಳೆದು ಪ್ರಯೋಜನವಿಲ್ಲ. ಒಂದೇ ಎಳೆ ಉಳಿದ ಕೇಬಲ್ಲು ಕೂಡ ಮೀಟರಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಎಂಜಿನ್ ಓಡಿಸಿ, ಹೆಡ್‌ಲೈಟ್ ಹಾಕಿ, ಡೈನಮೋದ ಮೈಗೆ ಒಂದು ಕಡ್ಡಿ, ಬ್ಯಾಟರಿಯ ನೆಗೆಟಿವ್ ಗೂಟಕ್ಕೆ ಇನ್ನೊಂದು ಕಡ್ಡಿ ಹಿಡಿಯಬೇಕು. ಎರಡೂ ಅರ್ತ್ ಆದ್ದರಿಂದ ಮೀಟರು ಸೊನ್ನೆ ತೋರಿಸಬೇಕು. ಅರ್ಧ ವೋಲ್ಟ್ ತೋರಿಸಿತೆಂದರೆ ದಾರಿಯಲ್ಲಿ ಎಲ್ಲೋ ಕಳ್ಳ ಕೂತಿದ್ದಾನೆ. ಕಡ್ಡಿಯನ್ನು ಒಂದೊಂದು ಜೋಡಣೆ ಹತ್ತಿರಕ್ಕೆ ತರುತ್ತಾ ಹೋದರೆ ಯಾವ ಜೋಡಣೆಯ ಆಚೀಚೆ ಮೀಟರು ಜಿಗಿಯುತ್ತದೋ ಅದೇ ಅವನ ಮನೆ. ಗೂಟ ಮತ್ತು ಅದಕ್ಕೆ ಬಿಗಿದ ಕ್ಲಾಂಪಿನ ನಡುವೆಯೇ ಅರ್ಧ ವೋಲ್ಟ್ ಕರಗುತ್ತಿರುವುದನ್ನು ಕಂಡಾಗ ಅನುಭವಿಗಳಿಗೂ ಆಶ್ಚರ್ಯವಾಗುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಚಾರ್ಜ್ ಆಗದಿದ್ದರೆ ಆಗ ಪ್ರಶ್ನೆ: ಕೆಟ್ಟದ್ದು ಡೈನಮೋನೋ, ರೆಗ್ಯುಲೇಟರೋ?

ಅದಕ್ಕೂ ಮೊದಲು ದೋಷವೇ ಅಲ್ಲದ ಎರಡು ಸಂಗತಿಗಳನ್ನು ಬದಿಗಿಡಬೇಕು. ಡೈನಮೋ ಐಡ್ಲಿಂಗಿನಲ್ಲಿ ಚಾರ್ಜ್ ಮಾಡುವುದಿಲ್ಲ. ಹೆಡ್‌ಲೈಟ್ ಹಾಕಿ ನಿಂತ ಜೀಪಿನ ಆಮ್ಮೀಟರ್ ಮುಳ್ಳು ಎಡಕ್ಕೆ ವಾಲುವುದು ಸಹಜ. ಹಾಗೆಯೇ ಸ್ಟಾರ್ಟ್ ಆದ ಕೂಡಲೇ ಮುಳ್ಳು ಬಲಕ್ಕೆ ಜಿಗಿದು ಹತ್ತು ನಿಮಿಷದಲ್ಲಿ ಸೊನ್ನೆಯ ಹತ್ತಿರ ಬಂದು ಕೂತರೆ ಅದು ಆರೋಗ್ಯದ ಲಕ್ಷಣ, ಬ್ಯಾಟರಿಗೆ ಹೊಟ್ಟೆ ತುಂಬಿದೆ. ಆಲ್ಟರ್ನೇಟರ್ ಕಾರುಗಳಲ್ಲಿ ಪಳಗಿದ ಹೊಸ ತಲೆಮಾರಿನ ಮೆಕ್ಯಾನಿಕ್ಕುಗಳು ಈ ಎರಡನ್ನೂ ರೋಗವೆಂದು ತಿಳಿದು ಚಿಕಿತ್ಸೆಗೆ ಇಳಿಯುತ್ತಾರೆ.

ನಿಜವಾದ ಪರೀಕ್ಷೆ ಹೀಗೆ. ವಿಲ್ಲೀಸ್ ಜೀಪಿನ ಡೈನಮೋದಲ್ಲಿ ಫೀಲ್ಡಿನ ವೈರನ್ನು ಬಿಚ್ಚಿ, ಆ ಟರ್ಮಿನಲ್ಲನ್ನು ಒಂದು ತುಂಡು ವೈರಿನಿಂದ ನೇರವಾಗಿ ಅರ್ತ್ ಮಾಡಿ, ಎಂಜಿನ್ ವೇಗವನ್ನು ಹದವಾಗಿ ಏರಿಸಿ. ಆಮ್ಮೀಟರ್ ಮುಳ್ಳು ಬಲಕ್ಕೆ ಎದ್ದರೆ ಡೈನಮೋ ಜೀವಂತ, ತಪ್ಪು ರೆಗ್ಯುಲೇಟರಿನದು ಅಥವಾ ಅದಕ್ಕೆ ಹೋಗುವ ವೈರಿನದು. ಮುಳ್ಳು ಮಿಸುಕದಿದ್ದರೆ ಡೈನಮೋವನ್ನು ನೋಡಬೇಕು. ಕೆಲವೇ ಸೆಕೆಂಡು ಸಾಕು, ಲಗಾಮಿಲ್ಲದ ಡೈನಮೋ ವೋಲ್ಟೇಜನ್ನು ಎಲ್ಲಿಗೆ ಬೇಕಾದರೂ ಒಯ್ಯುತ್ತದೆ. ಬ್ರಿಟಿಷ್ ಗಾಡಿಗಳ ಲ್ಯೂಕಾಸ್ ಡೈನಮೋದಲ್ಲಿ ಕ್ರಮ ಬೇರೆ. ಅಲ್ಲಿ ಎರಡೂ ವೈರು ಬಿಚ್ಚಿ ಡಿ ಮತ್ತು ಎಫ್ ಟರ್ಮಿನಲ್ಲುಗಳನ್ನು ಒಂದಕ್ಕೊಂದು ಸೇರಿಸಿ ಮೀಟರ್ ಹಿಡಿಯುತ್ತಾರೆ, ಅರ್ತ್ ಮಾಡುವುದಿಲ್ಲ. ಒಂದರ ಪರೀಕ್ಷೆಯನ್ನು ಇನ್ನೊಂದರ ಮೇಲೆ ಮಾಡಿ ‘ಡೈನಮೋ ಸತ್ತಿದೆ’ ಎಂದು ಬರೆದುಕೊಟ್ಟವರು ಎಷ್ಟೋ ಜನ.

ಡೈನಮೋ ಸತ್ತಿದೆ ಎಂದು ಗೊತ್ತಾದ ಮೇಲೂ ವೈಂಡಿಂಗಿಗೆ ಓಡಬೇಕಾಗಿಲ್ಲ. ಹಿಂದಿನ ಪಟ್ಟಿ ಸರಿಸಿ ಒಳಗೆ ಟಾರ್ಚ್ ಬಿಟ್ಟು ನೋಡಿ. ಕಾರ್ಬನ್ ಬ್ರಶ್ಶುಗಳು ಸವೆದು ಸ್ಪ್ರಿಂಗಿಗೆ ಎಟುಕದಂತಾಗಿರುತ್ತವೆ, ಇಲ್ಲವೇ ಹಿಡಿಕೆಯೊಳಗೆ ಧೂಳು ಕೂತು ಸಿಕ್ಕಿಕೊಂಡಿರುತ್ತವೆ. ಬ್ರಶ್ಶುಗಳು ಒತ್ತಿಕೊಂಡಿರುವ ಕಮ್ಯುಟೇಟರ್ ಹಳೆಯ ತಾಮ್ರದ ಚೊಂಬಿನ ಕಂದು ಬಣ್ಣದಲ್ಲಿದ್ದರೆ ಒಳ್ಳೆಯದು. ಮಸಿ ಕಪ್ಪಾಗಿದ್ದರೆ ಸಣ್ಣ ಉಪ್ಪುಕಾಗದದ ಪಟ್ಟಿಯಿಂದ ತಿರುಗಿಸುತ್ತಾ ಉಜ್ಜಿ ಒರೆಸಬೇಕು. ಎಮೆರಿ ಬಟ್ಟೆ ಮಾತ್ರ ಬೇಡ. ಅದರ ಪುಡಿ ವಿದ್ಯುತ್ತನ್ನು ಬಿಡುತ್ತದೆ, ತಾಮ್ರದ ಪಟ್ಟಿಗಳ ನಡುವೆ ಕೂತು ಶಾರ್ಟ್ ಮಾಡುತ್ತದೆ. ಪಟ್ಟಿಗಳ ನಡುವಿನ ಮೈಕಾ ತಾಮ್ರದ ಮಟ್ಟಕ್ಕೆ ಬಂದಿದ್ದರೆ ಅದನ್ನು ಸುಮಾರು ಮುಕ್ಕಾಲು ಮಿಲಿಮೀಟರ್ ಆಳಕ್ಕೆ ಕೆರೆಯಬೇಕು. ಗರಗಸದ ಮುರಿದ ಬ್ಲೇಡಿನಿಂದ ಈ ಕೆಲಸ ಮಾಡುವ ಹಿರಿಯರ ಕೈ ನೋಡುವುದೇ ಒಂದು ಪಾಠ.

ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಇನ್ನೊಂದು ಸಾಧ್ಯತೆ ಇದೆ. ಡೈನಮೋ ಕೆಲಸ ಶುರು ಮಾಡಲು ಅದರ ಕಬ್ಬಿಣದ ತುಂಡುಗಳಲ್ಲಿ ಒಂದಿಷ್ಟು ಕಾಂತಶಕ್ತಿ ಉಳಿದಿರಬೇಕು. ಅದು ಮಾಯವಾಗಿದ್ದರೆ ಅಥವಾ ಬ್ಯಾಟರಿಯನ್ನು ಯಾರೋ ತಿರುಗಿಸಿ ಕಟ್ಟಿ ಆ ಕಾಂತಶಕ್ತಿ ಉಲ್ಟಾ ಆಗಿದ್ದರೆ ಎಲ್ಲ ಭಾಗ ಚೆನ್ನಾಗಿದ್ದೂ ಚಾರ್ಜ್ ಇಲ್ಲ. ಎಂಜಿನ್ ನಿಂತಿರುವಾಗ ರೆಗ್ಯುಲೇಟರಿನ ಬ್ಯಾಟರಿ ಮತ್ತು ಆರ್ಮೇಚರ್ ಟರ್ಮಿನಲ್ಲುಗಳನ್ನು ತುಂಡು ವೈರಿನಿಂದ ಕಣ್ಣು ಮಿಟುಕಿಸುವಷ್ಟು ಹೊತ್ತು ತಾಗಿಸಿದರೆ ಒಂದು ಕಿಡಿ ಹಾರುತ್ತದೆ, ಕಾಂತಶಕ್ತಿ ಮರಳುತ್ತದೆ. ವಿಲ್ಲೀಸ್ ಜೀಪಿನ ಬಗೆಯ ಡೈನಮೋಗಳಿಗೆ ಇದು ಸರಿ. ಫೀಲ್ಡ್ ಒಳಗೇ ಅರ್ತ್ ಆಗಿರುವ ಡೈನಮೋಗಳಿಗೆ ಫೀಲ್ಡಿನ ವೈರನ್ನು ಬಿಚ್ಚಿ ಬ್ಯಾಟರಿಯ ಟರ್ಮಿನಲ್ಲಿಗೆ ತಾಗಿಸುವುದು ಕ್ರಮ. ಬ್ಯಾಟರಿ ಅಥವಾ ಡೈನಮೋ ಬಿಚ್ಚಿ ಹಾಕಿದಾಗಲೆಲ್ಲ ಈ ಕೆಲಸ ಮಾಡಿಯೇ ಎಂಜಿನ್ ಎಬ್ಬಿಸುವುದು ಹಳೆಯ ಶಿಸ್ತು.

ರೆಗ್ಯುಲೇಟರ್ ಡಬ್ಬಿಯ ಮುಚ್ಚಳ ತೆಗೆದರೆ ಮೂರು ಕಾಯಿಲುಗಳು ಸಾಲಾಗಿ ನಿಂತಿರುತ್ತವೆ. ಒಂದು ವೋಲ್ಟೇಜಿಗೆ ಮಿತಿ ಹಾಕುತ್ತದೆ, ಒಂದು ಕರೆಂಟಿಗೆ. ಮೂರನೆಯದು ಕಟೌಟ್. ಡೈನಮೋ ಬ್ಯಾಟರಿಗಿಂತ ಬಲವಾದಾಗ ಮಾತ್ರ ಬಾಗಿಲು ತೆರೆದು, ಎಂಜಿನ್ ನಿಧಾನವಾದ ಕೂಡಲೇ ಮುಚ್ಚುವುದು ಅದರ ಕೆಲಸ. ಅದರ ಪಾಯಿಂಟು ಅಂಟಿಕೊಂಡರೆ ಎಂಜಿನ್ ನಿಂತ ಮೇಲೂ ಬ್ಯಾಟರಿಯ ಕರೆಂಟು ಡೈನಮೋದೊಳಕ್ಕೆ ಹರಿಯುತ್ತದೆ. ಸ್ವಿಚ್ ಆಫ್ ಮಾಡಿದರೂ ಆಮ್ಮೀಟರ್ ಮುಳ್ಳು ಎಡ ತುದಿಯಲ್ಲೇ ನಿಂತಿದೆಯೆಂದರೆ ಯೋಚಿಸುತ್ತಾ ನಿಲ್ಲಬಾರದು, ಮೊದಲು ಬ್ಯಾಟರಿಯ ಕೇಬಲ್ಲು ಕಳಚಬೇಕು. ವೈರು ಹೊತ್ತಿಕೊಳ್ಳಲು ನಿಮಿಷಗಳು ಸಾಕು. ರೇಡಿಯೋ ಗದ್ದಲ ತಡೆಯಲೆಂದು ಹಾಕುವ ಕಂಡೆನ್ಸರನ್ನು ಫೀಲ್ಡ್ ಟರ್ಮಿನಲ್ಲಿಗೆ ಕಟ್ಟಿದರೆ ವೋಲ್ಟೇಜ್ ಪಾಯಿಂಟುಗಳು ಸುಟ್ಟು ಕರಕಲಾಗುತ್ತವೆ ಎಂಬುದನ್ನೂ ನೆನಪಿಡಬೇಕು. ಮೂಲ ಜೀಪಿನಲ್ಲಿ ಅದು ಎಲ್ಲಿತ್ತೋ ಅಲ್ಲಿಯೇ ಇರಲಿ.

24 ವೋಲ್ಟಿನ ಗಾಡಿಗಳಿಗೆ ಬಂದರೆ ರೋಗದ ಸ್ವಭಾವವೇ ಬದಲಾಗುತ್ತದೆ. ಅಲ್ಲಿನ ದೊಡ್ಡ ಶತ್ರು ಒಂದು ಸಣ್ಣ ಆಸೆ: ಹಾಡು ಕೇಳಲು, ಮೊಬೈಲ್ ಚಾರ್ಜ್ ಮಾಡಲು 12 ವೋಲ್ಟ್ ಬೇಕು, ಎರಡು ಬ್ಯಾಟರಿಗಳಲ್ಲಿ ಕೆಳಗಿನ, ಅಂದರೆ ಅರ್ತ್ ಕಡೆಯ ಒಂದರಿಂದ ಎರಡು ವೈರು ಎಳೆದರಾಯಿತು. ಡೈನಮೋಗೆ ಈ ಕಳವು ಗೊತ್ತಾಗುವುದಿಲ್ಲ, ಅದು ಎರಡನ್ನೂ ಒಂದೇ ಎಂದು ತಿಳಿದು ಒಟ್ಟು 28 ವೋಲ್ಟ್ ಕೊಡುತ್ತಿರುತ್ತದೆ. ಖಾಲಿಯಾಗುತ್ತಿರುವ ಕೆಳಗಿನ ಬ್ಯಾಟರಿ 12.8ರಲ್ಲಿ ನಿಂತರೆ ಉಳಿದ 15.2 ಮೇಲಿನದರ ಪಾಲಿಗೆ ಬೀಳುತ್ತದೆ. ಒಂದು ಹಸಿವಿನಿಂದ ಸಾಯುತ್ತದೆ, ಇನ್ನೊಂದು ಕುದಿದು ಸಾಯುತ್ತದೆ. ಅಮೆರಿಕದ ಆ ಕಾಲದ ಗಾಡಿಗಳಲ್ಲಿ ಕೆಂಪು, ಹಳದಿ, ಹಸಿರು ಪಟ್ಟಿಗಳ ಬ್ಯಾಟರಿ ಮೀಟರ್ ಇರುತ್ತದೆ. ಅದರ ಮುಳ್ಳು ಅಷ್ಟು ದಿನವೂ ಹಸಿರಿನಲ್ಲೇ ಇರುತ್ತದೆ. ಆದ್ದರಿಂದ 24 ವೋಲ್ಟಿನ ಗಾಡಿಯಲ್ಲಿ ಒಟ್ಟು ವೋಲ್ಟೇಜು ನೋಡಿ ಸಮಾಧಾನಪಡಬಾರದು. ಎಂಜಿನ್ ಓಡುತ್ತಿರುವಾಗ ಒಂದೊಂದೇ ಬ್ಯಾಟರಿಯ ಮೇಲೆ ಮೀಟರ್ ಹಿಡಿದು ಎರಡೂ ಸಮನಾಗಿವೆಯೇ ನೋಡಬೇಕು. 12 ವೋಲ್ಟ್ ಬೇಕೇ ಬೇಕೆಂದರೆ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಲಾರಿ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. ಒಂದು ಹೊಸದು, ಒಂದು ಹಳೆಯದು ಹೀಗೆ ಜೋಡಿ ಮಾಡಿದ ಬ್ಯಾಟರಿಗಳದ್ದೂ ಇದೇ ಗತಿ. ಬದಲಿಸುವುದಾದರೆ ಎರಡನ್ನೂ ಒಟ್ಟಿಗೆ, ಒಂದೇ ಬ್ರ್ಯಾಂಡಿನದು, ಒಂದೇ ಸಾಮರ್ಥ್ಯದ್ದು.

ಈ ಗಾಡಿಗಳ ವೈರಿಂಗ್ ನೋಡಿದರೆ ಸೇನೆಯ ಎಂಜಿನಿಯರುಗಳ ಮೇಲೆ ಗೌರವ ಹುಟ್ಟುತ್ತದೆ. ಪ್ರತಿ ವೈರಿನ ತುದಿಯಲ್ಲಿ ಸಂಖ್ಯೆ ಕೊರೆದ ಲೋಹದ ಸಣ್ಣ ಪಟ್ಟಿ. ಬಣ್ಣ ಮಾಸಿದರೂ ಸಂಖ್ಯೆ ಉಳಿಯುತ್ತದೆ, ಕತ್ತಲಲ್ಲಿ ಟಾರ್ಚ್ ಹಿಡಿದು ಓದಬಹುದು. ಜೋಡಣೆಗಳೆಲ್ಲ ನೀರು ಹೋಗದ ರಬ್ಬರ್ ಕವಚದೊಳಗೆ. ಆದರೆ ರಬ್ಬರು ಒಣಗಿ ಬಿರಿದ ಮೇಲೆ ಅದೇ ಕವಚ ಒಳಹೊಕ್ಕ ನೀರನ್ನು ಹೊರಹೋಗಲು ಬಿಡುವುದಿಲ್ಲ. ಹೊರಗೆ ನುಣ್ಣಗೆ ಕಾಣುವ ಕನೆಕ್ಟರನ್ನು ಎಳೆದು ನೋಡಿದರೆ ಒಳಗೆ ಹಸಿರು ಕಿಲುಬು. ಮಳೆಗಾಲ ಕಳೆದ ಮೇಲೆ ಚಾರ್ಜಿಂಗ್ ದಾರಿಯ ಅಷ್ಟೂ ಕನೆಕ್ಟರುಗಳನ್ನು ಒಮ್ಮೆ ಬಿಚ್ಚಿ, ಒರೆಸಿ, ಹಾಕುವುದು ಮಲೆನಾಡಿನಲ್ಲಂತೂ ವರ್ಷದ ಕೆಲಸವಾಗಬೇಕು.

ಆಲ್ಟರ್ನೇಟರ್ ಕೂತ ಗಾಡಿಗಳಲ್ಲಿ ಡೈನಮೋ ಕಾಲದ ಒಂದು ಅಭ್ಯಾಸ ಮಾರಕವಾಗಿದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಕೇಬಲ್ಲು ತೆಗೆದು, ‘ಎಂಜಿನ್ ನಿಲ್ಲಲಿಲ್ಲ, ಆದ್ದರಿಂದ ಚಾರ್ಜ್ ಬರುತ್ತಿದೆ’ ಎಂದು ಹೇಳುವ ಪರೀಕ್ಷೆ ನಮ್ಮ ರಸ್ತೆ ಬದಿಯ ಗ್ಯಾರೇಜುಗಳಲ್ಲಿ ಇಂದಿಗೂ ಜೀವಂತ. ಬ್ಯಾಟರಿ ಕಳಚಿದ ಆ ಗಳಿಗೆಯಲ್ಲಿ ಆಲ್ಟರ್ನೇಟರಿನ ವೋಲ್ಟೇಜು ಮೇಲಕ್ಕೆ ಚಿಮ್ಮುತ್ತದೆ. ಒಳಗಿನ ಡಯೋಡು, ರೆಗ್ಯುಲೇಟರುಗಳು ಸುಟ್ಟುಹೋಗಲು ಅಷ್ಟು ಸಾಕು. ಪರೀಕ್ಷೆಗೆ ಮೊದಲು ಚೆನ್ನಾಗಿದ್ದದ್ದು ಪರೀಕ್ಷೆಯಿಂದಲೇ ಸಾಯುತ್ತದೆ. ಬ್ಯಾಟರಿಯನ್ನು ಉಲ್ಟಾ ಕಟ್ಟುವುದು, ಬ್ಯಾಟರಿ ಕಳಚದೆ ಚಾಸಿಗೆ ವೆಲ್ಡಿಂಗ್ ಮಾಡುವುದು ಇವೂ ಅದೇ ಸಾಲಿನವು. ಡಯೋಡು ಹೋಗಿದೆಯೇ ಎಂದು ತಿಳಿಯಲು ಮಲ್ಟಿಮೀಟರನ್ನು ಎಸಿಗೆ ತಿರುಗಿಸಿ ಬ್ಯಾಟರಿಯ ಮೇಲೆ ಹಿಡಿದರೆ ಸಾಕು. ಎಂಜಿನ್ ಓಡುತ್ತಿರುವಾಗ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅನುಮಾನ ನಿಜ. ಇನ್ನು 60 ಆಂಪಿಯರಿನ ಮಿಲಿಟರಿ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲವೆಂದರೆ ಮೊದಲು ನೋಡಬೇಕಾದ್ದು ಅದನ್ನು ಎಬ್ಬಿಸುವ ಸಣ್ಣ ಎಕ್ಸೈಟರ್ ವೈರನ್ನು. ಸ್ವಿಚ್ ಆನ್ ಮಾಡಿದಾಗ ಟೆಸ್ಟ್ ಲ್ಯಾಂಪ್ ಅಲ್ಲಿ ಉರಿಯದಿದ್ದರೆ ಆಲ್ಟರ್ನೇಟರಿನದು ತಪ್ಪಿಲ್ಲ.

ಈಗ ಎಂ1008ರ ಮಾತು. ಮಾರುಕಟ್ಟೆಯ ಪಿಕಪ್ಪು ಆದ್ದರಿಂದ ಅದರ ದೀಪ, ಹಾರ್ನ್ ಎಲ್ಲ 12 ವೋಲ್ಟಿನವು. ಸೇನೆಯ ರೇಡಿಯೋಗೆ, ಇತರ ಗಾಡಿಗಳನ್ನು ಎಬ್ಬಿಸುವುದಕ್ಕೆ 24 ಬೇಕು, ಸ್ಟಾರ್ಟರೂ 24ರದ್ದೇ. ಅದಕ್ಕೆ ಎರಡು ಬ್ಯಾಟರಿ, ಒಂದೊಂದಕ್ಕೂ ಪ್ರತ್ಯೇಕವಾಗಿ 100 ಆಂಪಿಯರಿನ 12 ವೋಲ್ಟ್ ಆಲ್ಟರ್ನೇಟರ್, ಡ್ಯಾಶ್‌ಬೋರ್ಡಿನಲ್ಲಿ ಎರಡು ಎಚ್ಚರಿಕೆ ದೀಪ. ಮೇಲಿನ ಬ್ಯಾಟರಿಯ ಆಲ್ಟರ್ನೇಟರ್ ಸತ್ತರೆ, ಎಚ್ಚರಿಕೆ ದೀಪವನ್ನು ಗಮನಿಸದವರಿಗೆ ಹಲವು ದಿನ ಏನೂ ಗೊತ್ತಾಗುವುದಿಲ್ಲ. ದೀಪಗಳು ಪ್ರಕಾಶಮಾನ, ಹಾರ್ನ್ ಗಟ್ಟಿ, ಒಂದು ಬೆಳಿಗ್ಗೆ ಸ್ಟಾರ್ಟರ್ ಮಾತ್ರ ಏಳುವುದಿಲ್ಲ. ಕೆಳಗಿನದು ಸತ್ತರೆ ದೀಪಗಳೇ ಮೊದಲು ಮಂಕಾಗುತ್ತವೆ. ಇಲ್ಲಿ ಆಗುವ ಅತಿ ದೊಡ್ಡ ಅನಾಹುತ ಬಿಡಿಭಾಗ ಬದಲಿಸುವಾಗ. ಮೇಲಿನ ಆಲ್ಟರ್ನೇಟರಿನ ನೆಗೆಟಿವ್ ತುದಿ ಅದರ ಮೈಗೆ ತಾಗಿಲ್ಲ. ಅದು ಪ್ರತ್ಯೇಕ ಕೇಬಲ್ಲಿನಲ್ಲಿ ಕೆಳಗಿನ ಬ್ಯಾಟರಿಯ ಪಾಸಿಟಿವ್ ತುದಿಗೆ ಹೋಗುತ್ತದೆ. ನೋಡಲು ಒಂದೇ ರೀತಿ ಇರುವ, ಮೈಯೇ ನೆಗೆಟಿವ್ ಆದ ಸಾಮಾನ್ಯ ಆಲ್ಟರ್ನೇಟರನ್ನು ಅಲ್ಲಿಗೆ ಕೂರಿಸಿ ಅದೇ ಕೇಬಲ್ಲು ಬಿಗಿದರೆ ಕೆಳಗಿನ ಬ್ಯಾಟರಿ ನೇರವಾಗಿ ಶಾರ್ಟ್.

ಇಷ್ಟೆಲ್ಲ ರಗಳೆ ಏಕೆ, ಪೂರ್ತಿ 12 ವೋಲ್ಟಿಗೆ ಬದಲಿಸಿಬಿಡಬಾರದೇ ಎಂಬ ವಾದ ಎಲ್ಲ ಕಡೆಯೂ ಇದೆ. ಅದಕ್ಕೆ ಬಲವಿಲ್ಲವೆಂದಲ್ಲ. ದಿನವೂ ತೋಟದ ಕೆಲಸಕ್ಕೆ ಓಡುವ ಗಾಡಿಗೆ 12 ವೋಲ್ಟಿನ ಬ್ಯಾಟರಿ, ಬಲ್ಬು, ಕಾಯಿಲ್ ಯಾವ ಊರಿನಲ್ಲೂ ಸಿಗುತ್ತವೆ. 6 ವೋಲ್ಟಿನದಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳನ್ನೆಲ್ಲ ಸುತ್ತಿದರೂ ಖಾಲಿ ಕೈಯಲ್ಲಿ ಬರಬೇಕಾಗಬಹುದು. ಆದರೆ ಬದಲಾವಣೆ ಮಾಡಿಸುವವರಲ್ಲಿ ಹೆಚ್ಚಿನವರು ಹಾಗೆ ಮಾಡುವುದು ಅಗತ್ಯಕ್ಕಲ್ಲ, ಹುಡುಕಿ ಸಿಗದ ದೋಷದಿಂದ ತಪ್ಪಿಸಿಕೊಳ್ಳುವುದಕ್ಕೆ. ಕೆಟ್ಟ ಅರ್ತಿಂಗ್ 12 ವೋಲ್ಟಿನಲ್ಲಿಯೂ ಕೆಟ್ಟದ್ದೇ. ಮೂಲ ವ್ಯವಸ್ಥೆ ಉಳಿದಿರುವ ವಿಲ್ಲೀಸ್ ಎಂಬಿ ಇತಿಹಾಸದ ಒಂದು ದಾಖಲೆ. ಅದನ್ನು ಕತ್ತರಿಸಿ ಹಾಕುವ ಮೊದಲು ಒಂದು ಮೀಟರ್, ಒಂದು ಟೆಸ್ಟ್ ಲ್ಯಾಂಪ್, ಅರ್ಧ ದಿನದ ತಾಳ್ಮೆ ಖರ್ಚು ಮಾಡುವುದು ಮಾಲೀಕರ ಹೊಣೆ.

ಅಮೆರಿಕದ ಸೇನೆ ಈ ತಾಳ್ಮೆಯನ್ನು ಕಲಿಸಲು ಬಹಳ ಶ್ರಮಪಟ್ಟಿತು. 1944ರಲ್ಲಿ ಪ್ರಕಟವಾದ ಟಿಎಂ 9-803 ಕೈಪಿಡಿಯಲ್ಲಿ ವಿಲ್ಲೀಸ್ ಜೀಪಿನ ಪ್ರತಿ ದೋಷಕ್ಕೂ ಮೊದಲು ಏನು ನೋಡಬೇಕು, ಆಮೇಲೆ ಏನು ಎಂಬ ಕ್ರಮವಿದೆ. ಕೈಪಿಡಿ ಓದದ ಸೈನಿಕರಿಗಾಗಿ 1951ರಲ್ಲಿ ‘ಪಿಎಸ್’ ಎಂಬ ಮಾಸಪತ್ರಿಕೆ ಶುರುವಾಯಿತು. ಅದಕ್ಕೆ ಎರಡು ದಶಕ ಚಿತ್ರ ಬರೆದವರು ಕಾಮಿಕ್ಸ್ ಲೋಕದ ದೊಡ್ಡ ಹೆಸರಾದ ವಿಲ್ ಐಸ್ನರ್. ಬ್ಯಾಟರಿಗೆ ನೀರು ಹಾಕುವುದು, ಟರ್ಮಿನಲ್ ಒರೆಸುವುದು, ಬೆಲ್ಟು ನೋಡುವುದು ಇಂಥವನ್ನೇ ಅವರು ನಗುವ ಚಿತ್ರಗಳಲ್ಲಿ ಸೈನಿಕರ ಮುಂದಿಟ್ಟರು.

ಇಲ್ಲಿಯೂ ಆ ವಿದ್ಯೆ ಬಲ್ಲವರಿದ್ದಾರೆ. ಭಾರತೀಯ ಸೇನೆಯಲ್ಲಿ ಗಾಡಿಗಳನ್ನು ನೋಡಿಕೊಳ್ಳುವ ಇಎಂಇ ದಳ 1943ರಿಂದ ಇದೆ. ಅದರಲ್ಲಿ ದುಡಿದು ನಿವೃತ್ತರಾಗಿ ಕೊಡಗು, ಹಾಸನ, ಬೆಳಗಾವಿಯ ಊರುಗಳಲ್ಲಿ ನೆಲೆಸಿದ ಹಿರಿಯರ ಕೈಯಲ್ಲಿ ಡೈನಮೋ, ಕಟೌಟುಗಳ ಅನುಭವ ಇನ್ನೂ ಇದೆ. ಕನ್ನಡದಲ್ಲಿ ಅದನ್ನು ಬರೆದಿಟ್ಟವರು ತೀರ ಕಡಿಮೆ. ಹಳೆಯ ಮಿಲಿಟರಿ ಗಾಡಿ ಇರುವವರು ಮುಂದಿನ ಸಲ ಬಾನೆಟ್ ಎತ್ತುವಾಗ ಅವರಲ್ಲೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಲಿ, ಅವರು ಹೇಳಿದ್ದನ್ನೂ ಮೀಟರು ತೋರಿಸಿದ್ದನ್ನೂ ದಿನಾಂಕದೊಂದಿಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಗಾಡಿಯಲ್ಲೇ ಇಡಲಿ.